ಎದುರಿನದು ಯಾವಾಗ ಮುಗಿಯುತ್ತೆ?

ಮಾರ್ಚ್ ೧೨, ಗುರುವಾರ

ಬಾಡಿಗೆಗೆ ಕಚೇರಿ ನೋಡಲು ಬರುವವರಿಗೆಂದು, ನಾನು ನೋಡಿಕೊಳ್ಳುವ ಕಟ್ಟಡದ ಖಾಲಿ ಮಹಡಿಯ ದೀಪಗಳನ್ನೆಲ್ಲ ಹಾಕಿಟ್ಟಿದ್ದೆ. ಅವರು ಬಂದವರೇ ನೇರ ಕಿಟಕಿಗೆ ಹೋಗಿ, ಎದುರು ಏಳುತ್ತಿರುವ ಕಟ್ಟಡ ತೋರಿಸಿ, "ಅದು ಯಾವಾಗ ಮುಗಿಯುತ್ತೆ ಮೇಡಂ?" ಅಂದರು. ಹತ್ತೇ ವರ್ಷಕ್ಕೆ ನಮ್ಮದು ಮುದಿ ಕಟ್ಟಡ. ಇಷ್ಟೊಂದು ಖಾಲಿ ಬಿದ್ದಿರುವಾಗ ಹೊಸದನ್ನು ಯಾಕೆ ಕಟ್ಟುತ್ತಾರೆ ಎಂದು ಇನ್ನು ಯಾರನ್ನೂ ಕೇಳಬೇಕಿಲ್ಲ.

ಊಟಕ್ಕೆ ಕೂತಾಗ ತಮ್ಮನ ಮೇಲೆ ಹರಿಹಾಯ್ದೆ. ಆ ಎದುರಿನ ಕಟ್ಟಡದಲ್ಲಿ ಕ್ರೇನ್ ನಡೆಸುವವನು ಅವನೇ.

"ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲೋ!"

ಅವನು ನಗಲಿಲ್ಲ. "ಕಟ್ಟೋದು ನಿಂತ್ರೆ ನಾನೆಲ್ಲಿಗೆ ಹೋಗ್ಲಿ ಅಕ್ಕಾ? ಮೇಲಿಂದ ನೀನು ಕಾಣಿಸ್ತಿದ್ದೆ. ಅವರು ಹೋದ್ಮೇಲೆ ಒಬ್ಬಳೇ ದೀಪ ಆರಿಸ್ತಿದ್ದೆ. ಕೈ ಬೀಸ್ದೆ, ನೀನು ನೋಡ್ಲಿಲ್ಲ."

ನಾಳೆ ದೀಪ ಆರಿಸುವ ಮೊದಲು ಒಮ್ಮೆ ಮೇಲೆ ನೋಡಬೇಕು.