ಸೊನ್ನೆ ದೂರಿನ ಟ್ರೋಫಿ

ಮಾರ್ಚ್ ೩೧, ಸೋಮವಾರ

ಬೆರಳು ಊದಿಕೊಂಡಿದೆ, ಆದರೂ ಬರೆಯದಿದ್ದರೆ ನಿದ್ದೆ ಹತ್ತುವುದಿಲ್ಲ.

ಈ ತಿಂಗಳು ಒಂದೂ ದೂರು ಬರಲಿಲ್ಲವೆಂದು ಇವತ್ತು ನಮ್ಮ ಬೀಗದ ಕಂಪನಿಯಲ್ಲಿ ನನಗೆ ಟ್ರೋಫಿ ಕೊಟ್ಟರು. ದೂರು ವಿಭಾಗಕ್ಕೆ ನಾನೇ ಮುಖ್ಯಸ್ಥ, ನಾನೇ ಸಿಬ್ಬಂದಿ. "ಗುರಿ ಅಂದ್ರೆ ಹೀಗೆ ಮುಟ್ಬೇಕು ನೋಡ್ರಪ್ಪ!" ಎಂದು ಮ್ಯಾನೇಜರ್ ಬೆನ್ನು ತಟ್ಟಿದರು. ದೂರು ಕೇಳಲೆಂದೇ ತೆರೆದ ವಿಭಾಗಕ್ಕೆ ದೂರೇ ಇರಬಾರದೆಂಬ ಗುರಿ ಕೊಟ್ಟ ಮಹಾನುಭಾವರೂ ಅವರೇ. ನಾನು ಹೆಚ್ಚೇನೂ ಮಾಡಲಿಲ್ಲ. ಒಂದನೇ ತಾರೀಖು ದೂರಿನ ಫೋನನ್ನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ, ಅಷ್ಟೇ.

ಸಂಜೆ ಮನೆಗೆ ಬಂದರೆ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಬಾಗಿಲಿಗೆ ನಮ್ಮದೇ ಕಂಪನಿಯ ಬೀಗ, ಅದರೊಳಗೆ ಅರ್ಧ ತಿರುಗಿ ಸಿಕ್ಕಿಕೊಂಡ ಕೀಲಿ.

"ನಿಮ್ಮ ಮೊಬೈಲ್ ನೋಡಿದ್ರೆ ಸ್ವಿಚ್ ಆಫ್. ಮಧ್ಯಾಹ್ನದಿಂದ ಆ ದೂರಿನ ನಂಬರಿಗೆ ಮಾಡ್ತಾನೇ ಇದೀನಿ. ಅಲ್ಲಿ ಯಾರಾದ್ರೂ ಬದುಕಿದಾರೇನ್ರೀ?"

ನಾನು ಟ್ರೋಫಿ ತೋರಿಸಿದೆ. ಅವಳು ಅದರ ಮೇಲೆ ಕೆತ್ತಿದ್ದನ್ನು ಓದಿದಳು, ನನ್ನ ಮುಖ ನೋಡಿದಳು, ಟ್ರೋಫಿ ಕಿತ್ತುಕೊಂಡು ಬೀಗಕ್ಕೆ ಬಾರಿಸತೊಡಗಿದಳು. ಬೀಗ ಹಿಡಿದುಕೊಂಡಿದ್ದವನು ನಾನು. ಒಂದು ಏಟು ಬೆರಳಿಗೂ ಬಿತ್ತು. ಕೊನೆಗೆ ಬೀಗ ಮುರಿಯಿತು.

"ಅಂತೂ ಇದು ಒಂದು ಉಪಯೋಗಕ್ಕೆ ಬಂತು. ನಾಳೆ ಹೋದ ತಕ್ಷಣ ನನ್ನ ದೂರು ಬರ್ಕೊಳ್ಳಿ," ಎಂದಳು.

ಬರೆದುಕೊಂಡರೆ ಸೊನ್ನೆ ಹೋಯಿತು, ಬರೆದುಕೊಳ್ಳದಿದ್ದರೆ ಊಟ ಹೋಯಿತು. ಊಟವೇ ದೊಡ್ಡದು. ಬೆಳಿಗ್ಗೆ ಮೊದಲು ಫೋನ್ ಹೊರಗೆ ತೆಗೆಯಬೇಕು. ಆ ಬೀರುವಿಗೆ ಹಾಕಿರುವುದೂ ನಮ್ಮ ಕಂಪನಿಯದೇ ಬೀಗ. ಟ್ರೋಫಿಯನ್ನು ಈಗಲೇ ಚೀಲಕ್ಕೆ ಹಾಕಿಟ್ಟಿದ್ದೇನೆ.