ಎರಡು ಸಲ ತೆಗೆದ ರೀಲು

ಭಾನುವಾರ, ಮಾರ್ಚ್ 9

ಪ್ರೀತಿಯ ಅಕ್ಕ,

ನಾನು ಕ್ಷೇಮ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ತಿಂಗಳಾಯಿತು. ಹಲ್ಲು ಕಡಿಯುತ್ತಿರುತ್ತೀಯ, ಗೊತ್ತು. ಎರಡರಲ್ಲೂ ಒಂದೇ ಪ್ರಶ್ನೆ: "ಅಮ್ಮನ ರೀಲು ತೊಳೆಸಿದೆಯಾ?" ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿಹಿ ಸುದ್ದಿ: ತರಗತಿಯ ಪ್ರದರ್ಶನದಲ್ಲಿ ನನ್ನ ಫೋಟೋಗಳು ಗೋಡೆ ಏರಿವೆ!

ನಮ್ಮ ಫೋಟೋ ತರಗತಿಯ ಐವರಿಗೂ ಮೇಷ್ಟ್ರು ಕೊಟ್ಟ ವಿಷಯ 'ನಾನು, ನನ್ನ ಬೀದಿ'. ಮಾಮೂಲಿ ಫೋಟೋ ತಂದವರನ್ನು ಹೊರಗೆ ನಿಲ್ಲಿಸುತ್ತೇನೆ ಅಂದಿದ್ದರು. ಒಬ್ಬಳು ಬೀಟ್‌ರೂಟ್ ರಸ ಬಳಿದ ಕಾಗದದ ಮೇಲೆ ಬಿಸಿಲಿನಿಂದಲೇ ಅಜ್ಜನ ಮುಖ ಮೂಡಿಸಿದಳು. ಇನ್ನೊಬ್ಬ ಬಿಸ್ಕತ್ತಿನ ಡಬ್ಬಿಗೆ ತೂತು ಕೊರೆದು ಅದನ್ನೇ ಕ್ಯಾಮೆರಾ ಮಾಡಿಕೊಂಡ. ನನಗೆ ಏನೆಂದರೆ ಏನೂ ಹೊಳೆಯಲಿಲ್ಲ. ಅಪ್ಪನ ಹಳೇ ಕ್ಯಾಮೆರಾಕ್ಕೆ ರೀಲು ಹಾಕಿ ನನ್ನ ಬಾಡಿಗೆ ಮನೆಯ ಬೀದಿಯವರನ್ನೆಲ್ಲ ಸುಮ್ಮನೆ ತೆಗೆದೆ. ಟೈಲರ್ ಮೂರು ಸಲ ತಲೆ ಬಾಚಿಕೊಂಡರು. ಹಿಟ್ಟಿನ ಗಿರಣಿಯ ಅಜ್ಜಿ, "ಮುಖ ಒರೆಸಿಕೊಳ್ಳಲ್ಲ ಕಣೇ, ಇದೇ ನನ್ನ ಪೌಡರ್ರು" ಅಂದರು.

ರೀಲು ತೊಳೆದು ನೋಡುತ್ತೇನೆ, ಪ್ರತಿ ಫೋಟೋದಲ್ಲೂ ಒಬ್ಬ ಹೆಂಗಸು! ಟೈಲರ್ ಹೊಟ್ಟೆಯ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಾಳೆ, ಅಜ್ಜಿಯ ಹಿಟ್ಟಿನ ಡಬ್ಬದೊಳಗಿಂದ ನಗುತ್ತಿದ್ದಾಳೆ. ಮೇಷ್ಟ್ರು ಕನ್ನಡಕ ಏರಿಸಿ, "ಒಂದೇ ರೀಲಿನ ಮೇಲೆ ಎರಡು ಸಲ ತೆಗೆದು ಚಿತ್ರದ ಮೇಲೆ ಚಿತ್ರ ಕೂರಿಸಿದ್ದೀಯ! ಎಂಥಾ ತಲೆ ನಿಂದು!" ಎಂದು ಬೆನ್ನು ತಟ್ಟಿದರು. ನಾನು ಬೆನ್ನು ಕೊಟ್ಟು ತಟ್ಟಿಸಿಕೊಂಡೆ.

ಪ್ರದರ್ಶನಕ್ಕೆ ಬೀದಿಗೆ ಬೀದಿಯೇ ಬಂತು. "ನನಗಿಂತ ಇವರೇ ಚೆನ್ನಾಗಿ ಬಂದಿದಾರಲ್ಲಮ್ಮ, ಯಾವ ಮನೆಯವರು?" ಅಂತ ಟೈಲರ್ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, "ನಮ್ಮ ಬೀದಿಯವಳೇ ಬಿಡು, ಎಲ್ಲರ ಮನೇಲೂ ಕೂತಿದಾಳಲ್ಲ!" ಅಂದರು. ಎಲ್ಲರ ಜೊತೆ ನಾನೂ ಬಿದ್ದು ಬಿದ್ದು ನಕ್ಕೆ. ಆಮೇಲೆ ಹೊರಗೆ ಹೋಗಿ ಅತ್ತೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ದೇವರು ನಿನಗೆ ತಾಳ್ಮೆ ಕೊಡಲಿ, ಈ ಪತ್ರ ಮುಗಿಯುವವರೆಗಾದರೂ.

ನಿನ್ನ
ಚೋಟು

ಅಮ್ಮನ ರೀಲಿನ ವಿಷಯ ಮರೆತಿದ್ದೆ ಎಂದು ಬರೆಯಹೊರಟೆ, ಮರೆತಿರಲಿಲ್ಲ. ನೀನು ಕೊಟ್ಟ ರೀಲೂ ನನ್ನ ಹೊಸ ರೀಲೂ ಒಂದೇ ಚೀಲದಲ್ಲಿದ್ದವು. ಹೊಸದೆಂದುಕೊಂಡು ಅಮ್ಮನದನ್ನೇ ಹಾಕಿಬಿಟ್ಟೆ. ಅವಳು ತೀರಿಹೋಗುವ ಹಿಂದಿನ ವಾರ ನೀನು ತೆಗೆದಿದ್ದು. ಅದರಲ್ಲಿ ಅಮ್ಮ ಒಬ್ಬಳೇ ಇರುವ ಫೋಟೋ ಇನ್ನು ಒಂದೂ ಸಿಗುವುದಿಲ್ಲ. ತಪ್ಪಾಯಿತು ಅಕ್ಕ. ಪ್ರದರ್ಶನ ಇನ್ನೂ ಹತ್ತು ದಿನ ಇರುತ್ತದೆ. ಬಾ, ಆ ಗೋಡೆಯ ಮುಂದೆಯೇ ನಿಲ್ಲಿಸಿಕೊಂಡು ಉಗಿ. ಉಗಿದಾದ ಮೇಲೆ, ಅಮ್ಮನನ್ನು ಕಂಡೇ ಇರದ ಟೈಲರ್‌ಗೆ ಮಾತ್ರ ನೀನೇ ಹೇಳು, ಯಾವ ಮನೆಯವರು ಅಂತ. ನನ್ನಿಂದ ಆಗಲಿಲ್ಲ.