ಸುಖೋಯ್‌ನ ಬಲಮಗ್ಗುಲು

ಜುಲೈ 6, ಭಾನುವಾರ

ಕಂಪ್ಯೂಟರಿನ ವಿಮಾನದ ಎಡಮಗ್ಗುಲು ಮುಗಿಯಿತು. ಬೆಳ್ಳಿ ಮೈ ಮೇಲೆ ಮೂಗಿನಿಂದ ಬಾಲದವರೆಗೆ ಹಸಿರು ಪಟ್ಟೆ. ಬ್ರಶ್ಶಿನ ಗೆರೆ ಕೂಡ ಕಾಣುವ ಹಾಗೆ ಬಿಡಿಸಿದ್ದೇನೆ. 1971ರಲ್ಲಿ ಯುದ್ಧ ಹತ್ತಿರ ಬಂದಾಗ ಅವಸರದಲ್ಲಿ ಕೈಯಲ್ಲೇ ಬಳಿದ ಬಣ್ಣ... ನುಣ್ಣಗೆ ಕಂಡರೆ ಸುಳ್ಳು. ಪಂಪ್‌ವೆಲ್‌ನ ನನ್ನ ಪೇಂಟ್ ಅಂಗಡಿಗೆ ಬರುವ ಕಾರಿಗೆ ಹೀಗೆ ಬಳಿದು ಕೊಟ್ಟರೆ ಗಿರಾಕಿ ಮುಖಕ್ಕೆ ಉಗಿದಾನು.

ಇನ್ನು ಬಲಮಗ್ಗುಲು. ಅದರ ಫೋಟೋ ಇಲ್ಲ. ಇರುವುದು ಒಂದೇ — ಶಶಿಪ್ರಭಾ ಟೀಚರ್ ಕೊಟ್ಟದ್ದು. ಬಂಪರ್ ಗೀರಿಸಿಕೊಂಡು ಅಂಗಡಿಗೆ ಬಂದವರು ನನ್ನ ಕಂಪ್ಯೂಟರಿನಲ್ಲಿ ವಿಮಾನ ನೋಡಿ ನಿಂತುಬಿಟ್ಟರು. ಫ್ಲೈಟ್ ಸಿಮ್ಯುಲೇಟರಿನ ವಿಮಾನಗಳಿಗೆ ಹಳೆಯ ಕಾಲದ ಬಣ್ಣ ಹಾಕುವುದು ನನ್ನ ಹುಚ್ಚು ಎಂದೆ. ಮರುದಿನವೇ ಅಪ್ಪನ ಫೋಟೋ ತಂದರು. ಫ್ಲೈಯಿಂಗ್ ಆಫೀಸರ್ ವಿಠಲ ಉಪಾಧ್ಯಾಯ. ಹಳೆಯ ಸುಖೋಯ್-7ರ ಎಡಕ್ಕೆ ನಿಂತು ನಗುತ್ತಿದ್ದಾರೆ. ಆ ಡಿಸೆಂಬರಿನಲ್ಲಿ ಹೋದ ವಿಮಾನ ಹಿಂದಿರುಗಲಿಲ್ಲ. ಟೀಚರ್ ಹುಟ್ಟಿದ್ದು ಆಮೇಲೆ.

ಜುಲೈ 9, ಬೆಳಿಗ್ಗೆ

ಅಂಗಡಿ ತೆರೆಯುವ ಮುಂಚೆ ಸ್ವಲ್ಪ ಕೂತೆ. ಎಡಗಡೆಯ ಪಟ್ಟೆಗಳನ್ನೇ ತಿರುಗಿಸಿ ಬಲಕ್ಕೆ ಅಂಟಿಸಬಹುದು. ಸೋಮಾರಿಗಳು ಮಾಡುವುದು ಅದನ್ನೇ. ನಾನು ಮಾಡುವುದಿಲ್ಲ. ಬಾಲ್ದಿ ಹಿಡಿದು ಏಣಿ ಹತ್ತಿದವನ ಕೈ ಎರಡೂ ಕಡೆ ಒಂದೇ ತರ ಓಡುವುದು ಸಾಧ್ಯವಿಲ್ಲ.

ಹೆಂಡತಿ ಯಶ್ಮಿತಾ ಚಾ ತಂದಿಟ್ಟು ಕೇಳಿದಳು, “ಮನೆಯ ಗೇಟಿಗೆ ಬಣ್ಣ ಯಾವಾಗ? ಅದಕ್ಕೂ ಯುದ್ಧ ಆಗಬೇಕಾ?”

ಗೇಟಿಗೆ ಹಳೆಯ ಫೋಟೋ ಹುಡುಕಬೇಕಿಲ್ಲ, ಅದಕ್ಕೇ ಮನಸ್ಸು ಬರುವುದಿಲ್ಲ.

ಜುಲೈ 13, ಭಾನುವಾರ, ಸಂಜೆ

ಇವತ್ತು ನೆಲದ ಮೇಲೆ ನಡೆದಿಲ್ಲ ಎನ್ನಬೇಕು. ಊಹೆಯಲ್ಲೇ ಬಲಮಗ್ಗುಲು ಬಿಡಿಸಿ, ಲ್ಯಾಪ್‌ಟಾಪ್ ಹಿಡಿದು ಸುರತ್ಕಲ್‌ಗೆ ಹೋದೆ, ಟೀಚರ್ ಮನೆಗೆ. ಅವರ ಅಮ್ಮ ರಮಾದೇವಿ ಗೋಳಿಬಜೆ ಮಾಡಿಟ್ಟಿದ್ದರು. ಎಪ್ಪತ್ತೈದು ದಾಟಿರಬಹುದು. ಕನ್ನಡಕ ಒರೆಸಿಕೊಂಡು ಸ್ಕ್ರೀನಿನ ಹತ್ತಿರ ಬಂದರು. ವಿಮಾನವನ್ನು ನಿಧಾನ ತಿರುಗಿಸಿ ಬಲಮಗ್ಗುಲು ತೋರಿಸಿದೆ.

“ಈ ಕಡೆ ಹೀಗೇ ಇತ್ತಾ ಅಮ್ಮ? ಈ ಹಸಿರು, ಬಾಲದವರೆಗೆ?”

ತುಂಬಾ ಹೊತ್ತು ನೋಡಿದರು.

“ಹೌದು. ಹೀಗೇ ಇತ್ತು.”

ಊಹೆ ಸರಿಯಾಯಿತು ಎಂಬ ಸಂತೋಷ ಎಂಥದ್ದು ಎಂದು ಯಾರಿಗೆ ಹೇಳಲಿ. ಮನೆಗೆ ಬಂದವನೇ ಈ ಬಣ್ಣವನ್ನು ಸಿಮ್ಯುಲೇಟರ್ ಆಡುವವರ ಸೈಟಿಗೆ ಅಪ್‌ಲೋಡ್ ಮಾಡಿದೆ. ಕೆಳಗೆ ಬರೆದೆ: ಬಲಮಗ್ಗುಲು — ಪೈಲಟ್‌ನ ಪತ್ನಿ ಕಣ್ಣಾರೆ ಕಂಡು ಒಪ್ಪಿದ್ದು.

ಜುಲೈ 15

ಎಷ್ಟು ಜನ ಹೊಗಳಿದ್ದಾರೆ... ಮೂರು ಸಲ ಓದಿದೆ. ನಾಚಿಕೆ ಇಲ್ಲ.

ಆಗಸ್ಟ್ 5

ಅಂಗಡಿಯಲ್ಲಿ ಕೆಲಸ ಓಡುತ್ತಿಲ್ಲ. ಬಿಳಿ ಕಾರಿಗೆ ಬಣ್ಣ ಮಿಕ್ಸ್ ಮಾಡುವಾಗ ಕಪ್ಪು ಹೆಚ್ಚು ಬಿತ್ತು. ನಿನ್ನೆ ಬಂದ ಇಮೇಲ್ ತಲೆಯಲ್ಲಿ ಕೂತಿದೆ.

ಬೆಳಗಾವಿಯ ಒಬ್ಬರು, ವಾಯುಸೇನೆಯ ನಿವೃತ್ತ ಏರ್‌ಮನ್, ಕಳಿಸಿದ್ದು. ಜತೆಗೊಂದು ಫೋಟೋ. ಅದೇ ವಿಮಾನ, ಮೂಗಿನ ಮೇಲೆ ಅದೇ ನಂಬರು — ಬಲಮಗ್ಗುಲು. ಹಸಿರು ರೆಕ್ಕೆಯವರೆಗೆ ಮಾತ್ರ ಉಂಟು. ಅಲ್ಲಿಂದ ಹಿಂದೆ ಬರಿಯ ಬೆಳ್ಳಿ. ಏಣಿ ಇನ್ನೂ ಒರಗಿಕೊಂಡೇ ಇದೆ. “ಬಳಿಯುತ್ತಿದ್ದವರಲ್ಲಿ ನಾನೂ ಒಬ್ಬ. ಅರ್ಧ ಆಗುವಾಗ ಹಾರಲು ಆರ್ಡರ್ ಬಂತು, ಮುಗಿಸಲಾಗಲಿಲ್ಲ” ಎಂದು ಬರೆದಿದ್ದಾರೆ. ಒಂದು ಕಟು ಮಾತಿಲ್ಲ. ಅದೇ ಹೆಚ್ಚು ಚುಚ್ಚುತ್ತದೆ.

ನನ್ನ ಚಂದದ ಪಟ್ಟೆಗಳೆಲ್ಲ ಸುಳ್ಳು. ಆದರೆ ಆ ಅಜ್ಜಿ ಹೌದು ಎಂದದ್ದೇಕೆ? ಸಿಟ್ಟು ಬಂದಿದೆ. ಮರೆವು ಎಂದುಕೊಂಡರೂ ಸಿಟ್ಟು ಇಳಿಯುವುದಿಲ್ಲ.

ಆಗಸ್ಟ್ 10, ಭಾನುವಾರ

ಸುರತ್ಕಲ್‌ಗೆ ಹೋಗಿ ಬಂದೆ. ಮಾತುಗಳನ್ನು ಹಾಗೆಯೇ ಬರೆದಿಡುತ್ತೇನೆ.

ಫೋಟೋ ತೋರಿಸಿ ಕೇಳಿದೆ, “ಅಮ್ಮ, ನೀವು ವಿಮಾನ ನೋಡಿದ್ದು ಯಾವಾಗ?”

“ನಾನು ನೋಡಿಯೇ ಇಲ್ಲ. ನಮ್ಮನ್ನೆಲ್ಲ ಎಲ್ಲಿ ಹತ್ತಿರ ಬಿಡ್ತಾರೆ.”

“ಮತ್ತೆ ಆವತ್ತು ಹೀಗೇ ಇತ್ತು ಅಂದ್ರಲ್ಲ?”

“ಅಷ್ಟು ಕಷ್ಟಪಟ್ಟು ಮಾಡಿ, ಪಂಪ್‌ವೆಲ್‌ನಿಂದ ಹೊತ್ತುಕೊಂಡು ಬಂದಿದ್ದೀರಿ. ಅಲ್ಲ ಅಂತ ಹೇಗೆ ಹೇಳುವುದು? ಯಾರಾದರೂ ಬಡಿಸಿದ್ದಕ್ಕೆ ಉಪ್ಪು ಕಡಿಮೆ ಅಂತೀರಾ ನೀವು?”

ಟೀಚರ್ ತಲೆ ತಗ್ಗಿಸಿಕೊಂಡು ನಗು ತಡೆಯುತ್ತಿದ್ದರು. ನನಗೂ ಸಿಟ್ಟು ಎಲ್ಲಿಗೋ ಹೋಯಿತು. ನಾನಾದರೂ ಕೇಳಿದ್ದೇನು? ಹೌದು ಅನ್ನಿ ಎಂದೇ ಕೇಳಿದ್ದೆ. ನಮ್ಮ ಊರಿನಲ್ಲಿ ಹುಟ್ಟಿ, ಮನೆಗೆ ಬಂದವನ ಎದುರು ಹೇಳಿದ “ಹೌದು” ಎಂಬುದನ್ನು ಸಾಕ್ಷಿ ಎಂದು ಜಗತ್ತಿಗೇ ಸಾರಿದವನು ನಾನೊಬ್ಬನೇ ಇರಬೇಕು.

ಹೊರಡುವಾಗ ರಮಾದೇವಿ ಕೇಳಿದರು, “ಇದು ಹಾರ್ತದೆ ಅಂತ ಶಶಿ ಹೇಳಿದಳು. ಇಳಿಯುವುದೂ ಉಂಟಾ?”

“ಉಂಟು ಅಮ್ಮ.”

“ಹಾಗಾದರೆ ಒಮ್ಮೆ ಇಳಿಸಿ ತೋರಿಸಿ. ಹೋದರು ಅಂತ ಮಾತ್ರ ಹೇಳಿದ್ದು ನಮಗೆ. ಏಳು ವರ್ಷ ಕಾದು ಮಾವ ದರ್ಭೆಯಲ್ಲೇ ಒಂದು ಆಕಾರ ಮಾಡಿ ಕ್ರಿಯೆ ಮುಗಿಸಿದರು. ಎಲ್ಲರಿಗೂ ಮುಗಿಯಿತು. ನನಗೆ ಮಾತ್ರ... ಬಣ್ಣ ಹೇಗಿದ್ದರೂ ಅಡ್ಡಿಲ್ಲ. ಇಳಿಯುವುದು ನೋಡಬೇಕು.”

ಆಗಲಿ ಎಂದು ಬಂದೆ. ನಾನು ಇದುವರೆಗೆ ಯಾವ ವಿಮಾನವನ್ನೂ ಹಾರಿಸಿದವನಲ್ಲ. ರನ್‌ವೇ ಮೇಲೆ ನಿಲ್ಲಿಸಿ, ಸುತ್ತ ಕ್ಯಾಮೆರಾ ತಿರುಗಿಸಿ, ಬಣ್ಣ ನೋಡಿ, ಬಂದ್ ಮಾಡುವವನು.

ಆಗಸ್ಟ್ 12, ಬೆಳಿಗ್ಗೆ

ಬಲಮಗ್ಗುಲು ಸರಿಮಾಡಿದೆ. ರೆಕ್ಕೆಯ ಹಿಂದೆ ಎಲ್ಲ ಅಳಿಸಿ ಬೆಳ್ಳಿ. ಅಪ್‌ಲೋಡಿನ ಕೆಳಗಿನ ಸಾಲನ್ನೂ ಬದಲಿಸಿದೆ — ಮೊದಲಿನದ್ದು ನನ್ನ ಊಹೆ, ತಪ್ಪು. ಬೆಳಗಾವಿಯವರ ಹೆಸರು ಹಾಕಿದೆ. ಇಷ್ಟು ಸುಲಭ.

ಇಳಿಸುವುದು ಸುಲಭವಿಲ್ಲ. ಎರಡು ಸಲ ಪಲ್ಟಿ.

ಆಗಸ್ಟ್ 14

ನಿಯಾಝ್‌ನನ್ನು ಕರೆದೆ. ಬಂದರಿನಲ್ಲಿ ಮೀನಿನ ವ್ಯಾಪಾರ ಮುಗಿಸಿ ಮಧ್ಯಾಹ್ನ ಬಂದ. ನಾನು ಬಣ್ಣ ಹಾಕಿದ್ದನ್ನು ಹಾರಿಸುವವನು ಅವನು.

“ರಂಜಣ್ಣ, ಇದು ಇಳಿಯುವಾಗಲೂ ಎಕ್ಸ್‌ಪ್ರೆಸ್ ಬಸ್ಸಿನ ಸ್ಪೀಡ್ ಮಾರಾಯ. ನಿಧಾನ ಮಾಡ್ಲಿಕ್ಕೆ ಹೋದರೆ ಬೀಳ್ತದೆ. ನೆಲ ಮುಟ್ಟಿದ ಕೂಡಲೇ ಬಾಲದ ಪ್ಯಾರಾಚೂಟ್ ಬಿಡು.”

ಬಿದ್ದೆ. ಮತ್ತೆ ಬಿದ್ದೆ. ಒಮ್ಮೆ ಪ್ಯಾರಾಚೂಟ್ ಗಾಳಿಯಲ್ಲೇ ಬಿಟ್ಟೆ.

“ಅಜ್ಜಿಗೆ ತೋರಿಸುವ ದಿನ ನಾನೇ ಇಳಿಸ್ತೇನೆ ರಂಜಣ್ಣ. ನೀನು ಪಕ್ಕದಲ್ಲಿ ಕೂತ್ಕೋ. ಅವರಿಗೆ ಎಂತ ಗೊತ್ತಾಗ್ತದೆ?”

ಬೇಡ ಎಂದೆ. ಒಪ್ಪಿದ್ದು ನಾನು, ಇಳಿಸುವುದೂ ನಾನೇ. ಜಂಭ ಇರಬಹುದು. ಇರಲಿ.

ಆಗಸ್ಟ್ 20

ಯಶ್ಮಿತಾ ಹೇಳುತ್ತಾಳೆ, “ಅಷ್ಟು ಚಂದ ಬಣ್ಣ ಕೊಟ್ಟು ದಿನಾ ನೆಲಕ್ಕೆ ಬಡಿಯುವುದು ಎಂತಕ್ಕೆ ಮಾರಾಯ್ರೆ?”

ಅವಳಿಗೆ ತಮಾಷೆ. ನನಗೆ ಹಾಗಲ್ಲ. ಬೀಳುವಾಗ ಒಳಗೆ ಒಬ್ಬರು ಇದ್ದಾರೆ ಎಂದು ಈಗ ಅನ್ನಿಸುತ್ತದೆ. ಇಷ್ಟು ವರ್ಷ ಬರಿಯ ಮೈ ನೋಡಿದೆ, ಒಳಗೆ ಯಾರು ಕೂತಿದ್ದಾರೆ ಎಂದು ಯೋಚಿಸಿದ್ದೇ ಇಲ್ಲ.

ಆಗಸ್ಟ್ 28

ಚೌತಿಯ ಗಲಾಟೆ ಮುಗಿಯಿತು. ನೆಂಟರು ಹೋದರು. ಇವತ್ತು ಇಳಿಯಿತು. ರನ್‌ವೇಯ ಕೊನೆಯ ಅಂಚಿನಲ್ಲಿ ನಿಂತಿತು. ಮತ್ತೊಮ್ಮೆ ಮಾಡಿದೆ, ಮತ್ತೆ ಇಳಿಯಿತು. ಟೀಚರ್‌ಗೆ ಫೋನ್ ಮಾಡಿದೆ. ಭಾನುವಾರ ಬರುತ್ತಾರೆ, ಅಮ್ಮನನ್ನು ಕರೆದುಕೊಂಡು.

ಆಗಸ್ಟ್ 31, ಭಾನುವಾರ, ಸಂಜೆ 5

ಅವರು ಇನ್ನೂ ಹಾಲ್‌ನಲ್ಲಿದ್ದಾರೆ. ನೀರು ತರುತ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ರಮಾದೇವಿ ಒಳ್ಳೆಯ ಸೀರೆ ಉಟ್ಟು ಬಂದಿದ್ದರು, ಮದುವೆ ಮನೆಗೆ ಹೊರಟ ಹಾಗೆ. ಎದುರು ಕುರ್ಚಿಯಲ್ಲಿ ಕೂತರು. ಟೀಚರ್ ಪಕ್ಕದಲ್ಲಿ. ನಿಯಾಝ್ ಗೋಡೆಗೆ ಒರಗಿ ನಿಂತ. ವಿಮಾನ ಹಾರಿಸಿದೆ, ಒಂದು ಸುತ್ತು ತಿರುಗಿಸಿದೆ, ರನ್‌ವೇ ಎದುರು ತಂದೆ. ಸ್ವಲ್ಪ ಜೋರಾಗಿಯೇ ಮುಟ್ಟಿತು, ಒಮ್ಮೆ ನೆಗೆಯಿತು, ಕೂತಿತು. ಪ್ಯಾರಾಚೂಟ್ ಬಿಚ್ಚಿಕೊಂಡಿತು. ಓಡಿ ಓಡಿ ನಿಂತಿತು. ರಮಾದೇವಿ ಎರಡೂ ಕೈ ಜೋಡಿಸಿದರು.

ನಾನು ಅಭ್ಯಾಸದಂತೆ ಕ್ಯಾಮೆರಾ ತಿರುಗಿಸಿದೆ. “ನೋಡಿ ಅಮ್ಮ, ಇದು ನಿಜವಾದ ಬಲಮಗ್ಗುಲು, ಇಲ್ಲಿಂದ ಹಿಂದೆ ಬಣ್ಣವೇ...”

“ಬಣ್ಣ ಮತ್ತೆ ನೋಡುವ. ಅವರು ಇಳಿಯಲಿ ಮೊದಲು.”

ಗಾಜಿನ ಮುಚ್ಚಳ ತೆರೆಯಲು ಒಂದು ಕೀ ಉಂಟು. ಒತ್ತಿದೆ. ತೆರೆಯಿತು. ಒಳಗೆ ಹೆಲ್ಮೆಟ್ ಹಾಕಿದ ಪೈಲಟ್, ಎದುರು ನೋಡಿಕೊಂಡು ಕೂತಿದ್ದಾರೆ. ಆ ಗೇಮಿನಲ್ಲಿ ಪೈಲಟ್ ಎದ್ದು ಇಳಿಯುವುದಿಲ್ಲ. ಹಾಗೆ ಯಾರೂ ಮಾಡಿಲ್ಲ. ನನಗೆ ಗೊತ್ತಿತ್ತು. ಅಮ್ಮ ನೋಡಲು ಬಂದದ್ದು ಇದನ್ನೇ ಎಂದು ಇಷ್ಟು ದಿನ ಹೊಳೆಯಲೇ ಇಲ್ಲ.

ರಮಾದೇವಿ ಕುರ್ಚಿಯನ್ನು ಸ್ಕ್ರೀನಿನ ಹತ್ತಿರಕ್ಕೆ ಎಳೆದುಕೊಂಡರು. ಟೀಚರ್ ನನ್ನ ಮುಖ ನೋಡಿದರು. ನಿಯಾಝ್ ನೆಲ ನೋಡಿದ.

“ಎಂತ, ಬೆಲ್ಟ್ ಬಿಚ್ಚಲಿಕ್ಕೆ ಹೊತ್ತು ಹಿಡಿಯುತ್ತದಾ?”

“ಹೌದು ಅಮ್ಮ. ಸ್ವಲ್ಪ ಹೊತ್ತು ಹಿಡಿಯುತ್ತದೆ.”

“ಅವಸರ ಇಲ್ಲ. ಕೂತಿರುತ್ತೇನೆ.”

ಬಂದ್ ಮಾಡಲು ಕೈ ಬರಲಿಲ್ಲ. ಯಶ್ಮಿತಾ ಚಾ ಕೊಟ್ಟಾಯಿತು. ಲೋಟ ಕೆಳಗಿಡುವ ಸದ್ದು ಕೇಳುತ್ತಿದೆ. ಈಗ ಹೊರಗೆ ಹೋಗಬೇಕು. ಹೋಗಿ ಅವರ ಹತ್ತಿರ ಕೂತು, “ಅಮ್ಮ, ಅವರು ಇಳಿಯುವುದಿಲ್ಲ” ಎನ್ನಬೇಕು.